ತೊಟ್ಟಿಲೊಳಗಿನ ಗುಂಡಕಲ್ಲು

ಹಳೆ ಮನೆಗಳ ಚಿತ್ತಾರದ ಸಾಮಾನುಗಳ ಚಿತ್ರ ಬರೆಯುವ ರೋಹಿಣಿ, ಸಂಶಿಯ ಗೌರಕ್ಕನ ಪಡಸಾಲೆಯಲ್ಲಿ ನೂರು ವರ್ಷದ ಕಲಘಟಗಿ ತೊಟ್ಟಿಲು ಕಂಡು ಕುಣಿದಾಡಿದಳು. ಆಚೆ ಬದಿಗೆ ಬರೆದಿದ್ದ ಗಿಳಿಗಳನ್ನು ನೋಡಲೆಂದು ಬೆರಳಿನಿಂದ ಮೆಲ್ಲಗೆ ದೂಡಿದಳು, ಅಷ್ಟೇ.

"ಅಯ್ಯ, ಖಾಲಿ ತೊಟ್ಟಿಲಾ ತೂಗಬಾರ್ದವಾ!" ಗೌರಕ್ಕ ಅಡುಗೆಮನೆಗೆ ಓಡಿ, ಚಟ್ನಿ ಅರೆಯುವ ಗುಂಡಕಲ್ಲು ತಂದು, ಮೊಮ್ಮಗನ ಕುಂಚಿಗೆ ಟೊಪ್ಪಿಗೆಯನ್ನು ಅದಕ್ಕೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದಳು. "ಈಗ ಬೇಕಾದಷ್ಟ ತೂಗು."

ರೋಹಿಣಿ ನಗು ತಡೆದುಕೊಂಡು ಬರೆಯಲು ಕೂತಳು. ಎಡಗೈ ತೂಗುತ್ತಿತ್ತು, ಬಲಗೈಯಿಂದ ಗಿಳಿ, ಕಮಲಗಳೆಲ್ಲ ಒಂದೊಂದಾಗಿ ಹಾಳೆಗಿಳಿದವು.

ಮಧ್ಯಾಹ್ನ ಗೌರಕ್ಕ ಒಳಗಿನಿಂದಲೇ ಕೂಗಿದಳು. "ಮುಗೀತೇನವಾ? ಚಟ್ನಿ ಅರೀಬೇಕು, ಕಲ್ಲು ಕೊಡು!"

"ಮೆಲ್ಲಕ ಮಾತಾಡ್ರಿ, ಎದ್ದೀತು," ಅಂದಳು ರೋಹಿಣಿ. ಆಮೇಲೆ ಎಳೆಗೂಸನ್ನು ಎತ್ತುವಂತೆ ಕುತ್ತಿಗೆಗೆ ಕೈಕೊಟ್ಟು ಕಲ್ಲನ್ನು ಎತ್ತಿಕೊಂಡಳು.