ತೊಂಬತ್ತನಾಲ್ಕನೇ ಕಂತಿನಲ್ಲಿ ಸತ್ತವನು

1

ಹೇಗೆ ಶುರು ಮಾಡಲಿ? ಹೆಣದಿಂದ ಶುರು ಮಾಡಿದರೆ ನೀವು ಪೊಲೀಸರಿಗಾಗಿ ಕಾಯುತ್ತೀರಿ, ಮುತ್ತಿನಿಂದ ಶುರು ಮಾಡಿದರೆ ಗಂಡನಿಗಾಗಿ. ನಮ್ಮ ಬ್ಯೂನಸ್ ಐರಿಸ್‌ನ ಸೀರಿಯಲ್ ಬರಹಗಾರರು ಎರಡನ್ನೂ ಒಂದೇ ಸೀನಿನಲ್ಲಿ ಮುಗಿಸುತ್ತಾರೆ. ನನಗೆ ಅಷ್ಟು ಕೈಚಳಕವಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ, ವಯಸ್ಸಾದ ನಟರ ಆಶ್ರಮದ ಮೆಟ್ಟಿಲ ಮೇಲೆ ಒಲೆಗಾರಿಯೊನನ್ನು ನಿಲ್ಲಿಸುತ್ತೇನೆ. ಎಪ್ಪತ್ತೊಂದು ವರ್ಷ, ದಪ್ಪ ಹೊಟ್ಟೆ. ಸೀರಿಯಲ್‌ಗಳ ನಾಲ್ಕು ಸಾವಿರ ಕಂತು ಬರೆದು ಅರ್ಧ ಊರನ್ನೇ ಕೊಂದಿದ್ದಾನೆ. ಒಂದು ಕೊಲೆ ಮಾತ್ರ ಅವನನ್ನು ಬಿಟ್ಟಿಲ್ಲ. ಕೊಲೆಯಾದವನು ಒಳಗೆ ಕಾಯುತ್ತಿದ್ದಾನೆ. ಇವತ್ತು ಅವನಿಗೆ ನಿಜ ಹೇಳಬೇಕು.

2

ಕೊಲೆಯಾದವನ ಹೆಸರು ಎವರಿಸ್ತೊ, ನಟ. ಇಪ್ಪತ್ತೆಂಟು ವರ್ಷದ ಹಿಂದೆ ಒಲೆಗಾರಿಯೊನ ಸೀರಿಯಲ್‌ನಲ್ಲಿ ರುಫೀನೊ ಆಗಿದ್ದ. ಜಡ್ಜ್ ಹೆಂಡತಿಯನ್ನು ಪ್ರೀತಿಸಿದ ತಿಜೋರಿ ಕಳ್ಳ. ತೊಂಬತ್ತನಾಲ್ಕನೇ ಕಂತಿನಲ್ಲಿ ರುಫೀನೊ ಸತ್ತ. ಆ ಸಂಜೆ ಬೊಯೆದೊ ಬೀದಿಯ ಅಂಗಡಿಗಳು ಬಾಗಿಲೆಳೆದವು. ಫುಟ್‌ಬಾಲ್ ಪಂದ್ಯ ಏಳು ನಿಮಿಷ ತಡವಾಯಿತು. ರೆಫರಿ ಮೂಗು ಒರೆಸಿಕೊಳ್ಳುತ್ತಿದ್ದನಂತೆ. ಒಬ್ಬ ಪಾದ್ರಿ ರುಫೀನೊನ ಆತ್ಮಕ್ಕೆ ಪ್ರಾರ್ಥನೆ ಮಾಡಿಸಿ ಬಿಷಪ್ ಕೈಲಿ ಬೈಸಿಕೊಂಡ. (ರೆಫರಿ ವಿಷಯ ನಾನು ಸೇರಿಸಿದ್ದು. ಪಾದ್ರಿ ನಿಜ. ಅಥವಾ ಉಲ್ಟಾ.)

ಕೊಂದದ್ದು ಯಾಕೆ? ಒಲೆಗಾರಿಯೊನ ಹೆಂಡತಿ ಮಿರ್ತಾ ಸಾಸ್ ಕಲಕುತ್ತಾ ಸೀರಿಯಲ್ ನೋಡುತ್ತಿದ್ದಳು. ಎವರಿಸ್ತೊ ತೆರೆಗೆ ಬಂದ ಕೂಡಲೇ ಸೌಟು ನಿಲ್ಲುತ್ತಿತ್ತು. ಒಲೆಗಾರಿಯೊ ಮೂರು ವಾರ ನೋಡಿದ. ನಾಲ್ಕನೇ ವಾರ ಟೈಪ್‌ರೈಟರ್ ಮುಂದೆ ಕೂತ.

ಮನಸ್ಸು ಚುಚ್ಚಿತು, ಅದಕ್ಕೇ ಸಾವನ್ನು ಅದ್ಭುತವಾಗಿ ಬರೆದ. ಎವರಿಸ್ತೊ ಓದಿ ಅಪ್ಪಿಕೊಂಡು ಅತ್ತ. "ಇಂಥ ಸಾವನ್ನ ಒಡಹುಟ್ಟಿದವನೂ ಕೊಡಲ್ಲ ಕಣೋ. ಆದ್ರೂ ಯಾಕೋ ಸಾಯಿಸ್ತಿದೀಯ?"

"ನಾನೇನ್ ಮಾಡ್ಲಿ, ಸ್ಕಾರ್ಪಾ ಆರ್ಡರ್," ಎಂದುಬಿಟ್ಟ ಒಲೆಗಾರಿಯೊ.

ಸ್ಕಾರ್ಪಾ ಚಾನೆಲ್‌ನ ಮ್ಯಾನೇಜರ್. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಎವರಿಸ್ತೊ ಮತ್ತೆ ಆ ಚಾನೆಲ್‌ನ ಮೆಟ್ಟಿಲು ಹತ್ತಲಿಲ್ಲ. ಬೇರೆಯವರು ಕರೆಯಲಿಲ್ಲ, ಎಲ್ಲರ ಮನಸ್ಸಿನಲ್ಲೂ ಅವನು ಸತ್ತಿದ್ದ.

2, ಇನ್ನೊಮ್ಮೆ

(ಮೂರನೇ ಭಾಗ ಹರಿದು ಹಾಕಿದೆ. ಅದರಲ್ಲಿ ಒಂದು ಟ್ಯಾಂಗೊ ಇತ್ತು. ನಿಮಗೆ ನಷ್ಟವಿಲ್ಲ.)

ಮಿರ್ತಾ ಹೋದ ವರ್ಷ ತೀರಿಕೊಂಡಳು. ಆಸ್ಪತ್ರೆಯಲ್ಲಿ ಒಲೆಗಾರಿಯೊ ಕೊನೆಗೂ ಸೌಟಿನ ವಿಷಯ ಕೇಳಿದ.

"ಅದಾ? ಸೌಟು ಸದ್ದು ಮಾಡಿದ್ರೆ ಡೈಲಾಗ್ ಕೇಳಿಸ್ತಿರ್ಲಿಲ್ಲ," ಎಂದಳು. "ನೀನು ಬರ್ದಿದ್ದನ್ನ ಸ್ಪಷ್ಟವಾಗಿ ಹೇಳ್ತಿದ್ದವನು ಅವನೊಬ್ಬನೇ. ಮಿಕ್ಕವರೆಲ್ಲ ನುಂಗಿಬಿಡ್ತಿದ್ರು."

4

ಈಗ ಕೋಣೆಯೊಳಗೆ ಹೋಗೋಣ. ಮೊದಲ ಡ್ರಾಫ್ಟ್‌ನಲ್ಲಿ ಎವರಿಸ್ತೊ ಮುಗುಳ್ನಕ್ಕು, "ನಂಗೆ ಮೊದಲಿಂದ್ಲೂ ಗೊತ್ತಿತ್ತು," ಎನ್ನುತ್ತಾನೆ.

ಒಲೆಗಾರಿಯೊ ಬಾಗಿಲಲ್ಲೇ ನಿಂತು ನನ್ನ ಕಡೆ ತಿರುಗಿದ. "ಇದನ್ನ ನಾನೇ ಹನ್ನೊಂದು ಸಲ ಬರ್ದಿದೀನಿ ಸ್ವಾಮಿ."

ಸರಿ. ಏನೂ ಹೇಳದೆ ವಾಪಸ್ ಬರಲಿ.

"ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದೀನಲ್ಲ."

ನಿಜ ಕೇಳಿ ಎವರಿಸ್ತೊನ ಎದೆ ಒಡೆದು...

"ನಾಚಿಕೆ ಆಗಲ್ವಾ ನಿಮಗೆ? ಇನ್ನೆಷ್ಟು ಸಲ ಸಾಯಿಸ್ತೀರಿ ಅವನನ್ನ?"

ನನ್ನನ್ನು ಹೊರಗೇ ಬಿಟ್ಟು ಬಾಗಿಲು ಹಾಕಿಕೊಂಡ. ಮುಂದಿನದು ಬಾಗಿಲ ಸಂದಿಯಲ್ಲಿ ಕಂಡದ್ದು.

5

"ಬಾರೋ ಡುಮ್ಮ," ಎಂದ ಎವರಿಸ್ತೊ. "ಮೊದಲು ಹೊಟ್ಟೆ ಬಂತು, ಆಮೇಲೆ ನೀನು."

"ನಿನ್ನ ಕೂದಲೆಲ್ಲೋ? ಮೇಕಪ್‌ನವರು ವಾಪಸ್ ಇಸ್ಕೊಂಡ್ರಾ?"

ಎವರಿಸ್ತೊ ಸೋರೆಬುರುಡೆಯಲ್ಲಿದ್ದ ಯೆರ್ಬಾ ಸೊಪ್ಪಿಗೆ ಬಿಸಿನೀರು ಹುಯ್ದು, ಚಹಾದಂತೆ ಹೀರಲು ಕೊಟ್ಟ. "ಹೊಸ ನರ್ಸ್ ಬಂದಿದಾಳೆ. ಅವಳಮ್ಮ ರುಫೀನೊ ಸತ್ತಾಗ ಎರಡು ದಿನ ಊಟ ಬಿಟ್ಟಿದ್ಲಂತೆ. ನಂಗೆ ದಿನಾ ಒಂದು ಕಡುಬು ಜಾಸ್ತಿ. ಎಲ್ಲಾ ನಿನ್ನ ದಯೆ ಕಣೋ."

"ಎವರಿಸ್ತೊ, ನಿನ್ನ ಸಾಯಿಸು ಅಂತ ಸ್ಕಾರ್ಪಾ ಹೇಳಿರ್ಲಿಲ್ಲ. ಅದು ನಂದೇ ಕೆಲಸ. ಮಿರ್ತಾಗೆ ನಿನ್ನ ಮೇಲೆ ಮನಸ್ಸು ಅಂದ್ಕೊಂಡೆ."

"ಮಿರ್ತಾಗಾ?"

"ಇರ್ಲಿಲ್ಲ. ನನ್ನ ಡೈಲಾಗ್ ಕೇಳಿಸ್ಕೋತಿದ್ಲಂತೆ."

ಎವರಿಸ್ತೊ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕ್ಷಮೆ ಸಿಕ್ಕಿತು ಎಂದು ನಾನು ಕಥೆ ಮುಗಿಸಲು ಹೊರಟಿದ್ದೆ. ಅಷ್ಟರಲ್ಲಿ ನಗು ನಿಂತಿತು.

"ಸ್ಕಾರ್ಪಾ ನಮ್ಮನೆ ಬಾಗಿಲಿಗೆ ಎರಡು ಸಲ ಬಂದಿದ್ದ," ಎಂದ. "'ನಂಗೇನೂ ಗೊತ್ತಿಲ್ಲ ಎವರಿಸ್ತೊ, ಬಾ, ಒಳ್ಳೇ ಪಾತ್ರ ಇದೆ' ಅಂದ. ನಾನು ಬಾಗಿಲೇ ತೆಗೀಲಿಲ್ಲ. ಒಳಗಿಂದ್ಲೇ ಅವನ ತಾಯಿನೂ ಸೇರಿಸಿ ಬೈದೆ. ಮೊನ್ನೆ ಚಳಿಗಾಲದಲ್ಲಿ ತೀರ್ಕೊಂಡ್ನಲ್ಲ, ನಾನು ಮಣ್ಣಿಗೂ ಹೋಗ್ಲಿಲ್ಲ."

ಎವರಿಸ್ತೊ ಅವನ ಕೈಯಿಂದ ಸೋರೆಬುರುಡೆ ತೆಗೆದು ಪಕ್ಕಕ್ಕಿಟ್ಟ.

"ಇಲ್ನೋಡು. ಬರೆಯೋನು ನೀನಲ್ವಾ? ಈಗ ಅವನಿಗೆ ನಾನು ಏನಂತ ಹೇಳ್ಲಿ?"

6

ಸೀರಿಯಲ್ ಆಗಿದ್ದರೆ ಸ್ಕಾರ್ಪಾನಿಗೆ ಒಬ್ಬ ಅವಳಿ ತಮ್ಮ ಹುಟ್ಟಿಕೊಳ್ಳುತ್ತಿದ್ದ. ನಾನೂ ಅಂಥ ಒಬ್ಬ ತಮ್ಮನಿಗೆ ಕೋಟು ತೊಡಿಸಿ ಕಾರಿಡಾರಿಗೆ ಕರೆತಂದೆ. ಅವನಿಗೇ ಮುಜುಗರವಾಗಿ ಹೊರಟುಹೋದ. ಬೇರೆ ಮುಕ್ತಾಯ ನನ್ನಲ್ಲಿಲ್ಲ.

ಒಲೆಗಾರಿಯೊ ಪೆನ್ನು ತೆಗೆದು, ತಾನು ತಂದಿದ್ದ ಬೇಕರಿ ಪೊಟ್ಟಣದ ಕಾಗದ ಬಿಡಿಸಿ, 'ಸ್ಕಾರ್ಪಾ,' ಎಂದು ಬರೆದಿದ್ದಾನೆ. ಅಲ್ಪವಿರಾಮ ಹಾಕಿದ್ದಾನೆ. ಎವರಿಸ್ತೊ ಕನ್ನಡಕ ಹಾಕಿಕೊಂಡು, ಓದಲು ಬಗ್ಗಿ ಕೂತಿದ್ದಾನೆ.