ಒಲೆ ಆರಿತ್ತು

ಟಿಕ್ ಎಂದಿತು. ಅಡುಗೆಮನೆಯಿಂದಲೇ. ಅವಳು ಕತ್ತಲಲ್ಲಿ ಉಸಿರು ಬಿಗಿಹಿಡಿದು ಇನ್ನೊಂದು ಸಲ ಕೇಳಿಸೀತೆಂದು ಕಾದಳು. ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದೇ ಹೆಚ್ಚು ಕಾಡಿತು.

"ಗ್ಯಾಸ್ ಆಫ್ ಮಾಡಿದ್ನಾ?"

"ಆಗಿದೆ. ನಾನು ನೋಡ್ದೆ," ಎಂದ ಗಂಡ, ದಿಂಬಿನೊಳಗಿಂದ.

ಅವನು ನೋಡಿರಲಿಲ್ಲ. ಊಟವಾದ ಮೇಲೆ ಆ ಕಡೆ ತಲೆ ಹಾಕಿಯೂ ಇರಲಿಲ್ಲ. ಮದುವೆಯಾದಂದಿನಿಂದ ಅವನು ಹೀಗೆ ನೋಡದೆಯೇ ನೋಡಿದೆನೆನ್ನುತ್ತಾನೆ, ಅದನ್ನು ಕೇಳಿ ಅವಳಿಗೆ ನಿದ್ದೆ ಬರುತ್ತದೆ. ಇದನ್ನು ಸುಳ್ಳೆನ್ನಬೇಕೋ ಸಂಸಾರವೆನ್ನಬೇಕೋ ಅವಳಿನ್ನೂ ತೀರ್ಮಾನಿಸಿರಲಿಲ್ಲ.

ಈ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಬೆಳಗಾದರೆ ಅಕ್ಕನ ಮನೆಗೆ ಹೋಗಬೇಕಿತ್ತು.

ಅಕ್ಕ ಅವಳ ಅಕ್ಕನಲ್ಲ. ಬೀದಿಗೆಲ್ಲ ಅಕ್ಕ. ಎಪ್ಪತ್ತು ದಾಟಿದ ಹೆಂಗಸು, ಜೊತೆಗೊಬ್ಬ ತಮ್ಮ. ತಮ್ಮನಿಗೂ ಕೂದಲು ನರೆತಿತ್ತು, ಬುದ್ಧಿ ಮಾತ್ರ ಚಿಕ್ಕ ಹುಡುಗನದಾಗಿಯೇ ನಿಂತುಬಿಟ್ಟಿತ್ತು. ಅಕ್ಕ ಅವನನ್ನು ದೊರೆ ಎಂದು ಕರೆಯುತ್ತಿದ್ದಳು. ಇವಳು ಸಮಾಜ ಕಾರ್ಯಕರ್ತೆ; ನೋಡಿಕೊಳ್ಳಬೇಕಿದ್ದ ಮನೆಗಳಲ್ಲಿ ಅದೂ ಒಂದು. ಒಂದು ಎಂದು ಕಚೇರಿಯಲ್ಲಿ ಹೇಳುತ್ತಿದ್ದಳು. ನಿಜವಾಗಿ, ಬೇರೆ ಯಾವ ಮನೆಯ ಮೆಟ್ಟಿಲನ್ನೂ ಅವಳು ಹಾಗೆ ಎರಡೆರಡಾಗಿ ಹತ್ತುತ್ತಿರಲಿಲ್ಲ.

ಈಚೆಗೆ ಅಕ್ಕನಿಗೆ ಮರೆವು. ಒಲೆಯ ಮೇಲಿಟ್ಟ ಪಾತ್ರೆ ಕರಕಲಾಗಿ, ಹೊಗೆ ಮೆಟ್ಟಿಲಿಗಿಳಿದು, ಕೆಳಗಿನ ಮನೆಯವರು ದೂರು ಕೊಟ್ಟಿದ್ದರು. ನಾಳೆ ಪರೀಕ್ಷೆ. ಅಕ್ಕ ಫೇಲಾದರೆ ಹೆಂಗಸರ ಆಶ್ರಯಕ್ಕೆ ಹೋಗಬೇಕು, ದೊರೆ ಊರಾಚೆಯ ಗಂಡಸರ ವಸತಿಗೆ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಜಾಗ ಎಲ್ಲೂ ಇರಲಿಲ್ಲ. ಅವಳು ಹುಡುಕಿ ಸಾಕಾಗಿದ್ದಳು.

ಪರೀಕ್ಷೆಯೆಂದರೆ ಟೀ ಮಾಡುವುದು, ಅಷ್ಟೇ. ಒಲೆ ಹಚ್ಚಿ, ಕುದಿಸಿ, ಸೋಸಿ, ಒಲೆ ಆರಿಸಬೇಕು. ನೋಡುವವರು ಮಾತಾಡಬಾರದು, ಸನ್ನೆ ಮಾಡಬಾರದು, ಕೈ ಹಾಕಬಾರದು. ಮರೆತರೆ, ಅವರಾಗಿಯೇ ನೆನಪಿಸಿಕೊಂಡು ವಾಪಸು ಬರುತ್ತಾರೋ ಎಂದು ಕಾಯಬೇಕು; ಬಂದರೆ ಅದೂ ಪಾಸೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳೇ ಇದನ್ನು ಕಲಿಸುತ್ತಿದ್ದಳು. "ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲಿ. ಸಹಾಯ ಮಾಡಬೇಕು ಅನ್ನಿಸಿದಾಗ ಇನ್ನೂ ಬಿಗಿಯಾಗಿ ಕಟ್ಟಿಕೊಳ್ಳಿ." ಹುಡುಗಿಯರು ನಗುತ್ತಿದ್ದರು.

"ಬಾರೇ ಹುಡುಗಿ," ಎಂದಳು ಅಕ್ಕ ಬೆಳಿಗ್ಗೆ ಬಾಗಿಲು ತೆರೆದು. "ಯಾಕೆ ಮುಖ ಹಿಂಗೆ ಬಾಡಿದೆ? ಪರೀಕ್ಷೆ ನಂಗೋ ನಿಂಗೋ?"

"ಇಬ್ಬರಿಗೂ, ಅಕ್ಕ."

"ಹಂಗಾದ್ರೆ ನೀನು ಮುಂದಿನ ಬೆಂಚಲ್ಲಿ ಕೂತ್ಕೋ. ನಾನು ನಿನ್ನ ನೋಡ್ಕೊಂಡು ಬರೀತೀನಿ."

ದೊರೆ ಕಿಟಕಿಯ ಬಳಿ ಬಟ್ಟೆ ಕ್ಲಿಪ್ಪುಗಳನ್ನು ಒಂದಕ್ಕೊಂದು ಸಿಕ್ಕಿಸಿ ಸರ ಮಾಡುತ್ತಿದ್ದ. ತಲೆಯೆತ್ತದೆಯೇ ಅಪ್ಪಣೆ ಕೊಟ್ಟ. "ಮೇಡಂಗೆ ಎರಡು ಚಮಚ ಸಕ್ಕರೆ."

"ನಿಂಗೆ?" ಎಂದು ಅವಳು ಕೇಳಿದಳು.

"ನಂಗಿಲ್ಲ. ಡಾಕ್ಟ್ರು ಬೇಡ ಅಂದಿದಾರೆ." ಸತ್ತವರ ಸುದ್ದಿ ಹೇಳುವ ದನಿ.

ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಒಂಟಿ ಒಲೆ, ಎಣ್ಣೆಯ ಜಿಡ್ಡಿಗೆ ಕಂದಿದ ಕಪ್ಪು ನಾಬ್. ಅವಳು ಬಾಗಿಲಿಗೊರಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಅಕ್ಕ ಒಲೆ ಹಚ್ಚಿದಳು; ಅಕ್ಕನ ಬೆನ್ನಿಗೆ ಒಲೆ ಅರ್ಧ ಮರೆಯಾಗಿತ್ತು. ನೀರು, ಹಾಲು, ಪುಡಿ. ಜರಡಿಯ ಹೆಸರು ಮರೆತು "ಅದು, ಸೋಸೋದು, ಎಲ್ಲಿ ಸತ್ತೋಯ್ತು" ಎಂದು ತನಗೆ ತಾನೇ ಬೈದುಕೊಂಡಳು. ಸಿಕ್ಕಿತು. ಮೂರು ಲೋಟಕ್ಕೂ ಸಮನಾಗಿ ಸೋಸಿ, ತಟ್ಟೆಯಲ್ಲಿಟ್ಟುಕೊಂಡು, ಒಂದು ತೊಟ್ಟೂ ಚೆಲ್ಲದೆ ಅವಳನ್ನು ದಾಟಿ ಹೊರಗಿನ ಕೋಣೆಗೆ ನಡೆದಳು.

ಒಲೆ ಉರಿಯುತ್ತಿತ್ತು. ಮೇಲೆ ಏನೂ ಇಲ್ಲದ ಉರಿ, ದುಂಡಗೆ, ನೀಲಿಯಾಗಿ, ಅಚ್ಚುಕಟ್ಟಾಗಿ.

ಅವಳು ಕಾದಳು.

"ಊದು, ಊದು," ಎನ್ನುತ್ತಿದ್ದಳು ಅಕ್ಕ ಹೊರಗೆ. "ನಾಲಿಗೆ ಸುಟ್ಕೊಂಡ್ರೆ ದೊರೆಗಳು ದರ್ಬಾರು ನಡೆಸೋದು ಹೆಂಗೆ?"

ದೊರೆ ನಕ್ಕ. ಊದುವುದನ್ನು ಬಿಟ್ಟು, ಲೋಟದೊಳಕ್ಕೇ ನಕ್ಕಂಥ ನಗು. ಊರಾಚೆಯ ವಸತಿಯಲ್ಲಿ ಅವಳು ಕಂಡಿದ್ದ ಉದ್ದನೆಯ ಊಟದ ಕೋಣೆ ನೆನಪಾಯಿತು. ಅಲ್ಲಿ ಯಾರೂ ಯಾರಿಗೂ ಊದು ಎನ್ನುತ್ತಿರಲಿಲ್ಲ. ಟೀ ಆರಿಸಿಯೇ ಕೊಡುತ್ತಿದ್ದರು.

ತನಗೆ ತಿಳಿಯದೆಯೇ ಕೈ ಚಾಚಿತೆಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಹಾಗೇನೂ ಅಲ್ಲ. ತಿಳಿದೇ ಚಾಚಿದಳು. ನಾಬ್ ಒಮ್ಮೆ ಬೆರಳಿಂದ ಜಾರಿತು. ಒತ್ತಿ ತಿರುಗಿಸಿದಾಗ ಉರಿ ಕುಗ್ಗಿ, ಪಕ್ಕೆಂದು ಆರಿತು. ನಾಬ್ ಕಳಚಿ ಕೈಗೇ ಬಂತು.

ತಿರುಗಿದರೆ ದೊರೆ. ಸಕ್ಕರೆ ಡಬ್ಬಿಯ ಕಡೆ ಚಾಚಿದ ಕೈ ಅರ್ಧಕ್ಕೇ ನಿಂತಿತ್ತು. ಒಬ್ಬರ ಕೈಯನ್ನು ಇನ್ನೊಬ್ಬರು ನೋಡಿದರು. ದೊರೆ ಬಾಯಿಯ ಮೇಲೆ ಬೆರಳಿಟ್ಟುಕೊಂಡ. ಅವಳೂ ಇಟ್ಟುಕೊಂಡಳು. ಅವನ ಮುಖ ಅರಳಿತು. ಅವನ ಬದುಕಿನಲ್ಲಿ ಯಾರೂ ಅವನನ್ನು ಗುಟ್ಟಿಗೆ ಸೇರಿಸಿಕೊಂಡಿರಲಿಲ್ಲವೇನೋ.

ಅಕ್ಕನ ಚಪ್ಪಲಿಯ ಸದ್ದು ಬಂತು. ನಾಬ್ ಅವಳ ಕೈಚೀಲದೊಳಕ್ಕೆ ಬಿತ್ತು.

"ಆರ್ಸಿದ್ನೋ ಇಲ್ವೋ ಅಂತ ನೋಡೋಕೆ ಬಂದೆ," ಎಂದಳು ಅಕ್ಕ, ಬಾಗಿಲಲ್ಲೇ ನಿಂತು, ಅವಳ ಭುಜದ ಮೇಲಿಂದ ಇಣುಕಿ. "ಆರ್ಸಿದೀನಿ. ನೋಡಿದ್ಯಾ?"

"ನೋಡ್ದೆ, ಅಕ್ಕ."

ಇನ್ನೊಂದೇ ಗಳಿಗೆ. ಕಾದಿದ್ದರೆ ಅಕ್ಕನೇ ಬಂದು ಆರಿಸುತ್ತಿದ್ದಳು. ಅಥವಾ ಅಕ್ಕ ಬಂದದ್ದು ತಮ್ಮನನ್ನು ಹುಡುಕಿಕೊಂಡು, ಒಲೆಯ ಮಾತು ಬಾಯಿಗೆ ಬಂದದ್ದು ಅದು ಆರಿದ್ದನ್ನು ಕಂಡ ಮೇಲೆ. ಎರಡರಲ್ಲಿ ಯಾವುದೆಂದು ತಿಳಿಯುವುದಕ್ಕೇ ಪರೀಕ್ಷೆ ಇದ್ದದ್ದು. ನಾಬ್ ತೆಗೆದು ಕೊಟ್ಟು ಎಲ್ಲವನ್ನೂ ಹೇಳಿಬಿಡಬಹುದಿತ್ತು. ಹೊರಗಿನ ಕೋಣೆಗೆ ಬಂದಾಗ ಅಕ್ಕ ಅವಳ ಕೈಗೆ ಲೋಟ ಕೊಟ್ಟಳು. ಟೀಗೆ ಎರಡು ಚಮಚ ಸಕ್ಕರೆ ಬಿದ್ದಿತ್ತು. ಅದನ್ನು ಅಕ್ಕ ಮರೆತಿರಲಿಲ್ಲ.

ಕಚೇರಿಯಲ್ಲಿ ದೊಡ್ಡ ಮೇಡಂ ಕನ್ನಡಕ ತೆಗೆದು ಕೇಳಿದರು. ಅವಳ ಮೇಲಿನವರು, ಗದರುವವರಲ್ಲ, ಅದೇ ತೊಂದರೆ.

"ಹೇಗಾಯ್ತು?"

"ಚೆನ್ನಾಗಿ ಮಾಡಿದ್ರು."

"ಒಲೆ?"

"ಆರಿತ್ತು."

"ಅವರೇ ಆರಿಸಿದ್ರಾ?"

"ನೋಡೋಕೆ ಅಂತ ವಾಪಸ್ ಬಂದ್ರು, ಮೇಡಂ. ಅವರಾಗಿಯೇ."

ದೊಡ್ಡ ಮೇಡಂ ಫೈಲಿನ ಮೇಲೆ ಪೆನ್ನಿಟ್ಟರು. "ನಿಂಗೆ ಅವರಿಬ್ಬರ ಮೇಲೆ ಪ್ರೀತಿ, ಅಲ್ವಾ?"

"ಹ್ಞೂ."

"ನಂಗೂ ಒಂದು ಮನೆ ಹಾಗಿತ್ತು. ಆ ಮನೆಗೆ ಬೇರೆಯವರನ್ನ ಕಳಿಸಿ ಅಂತ ಆಗ ನಾನೇ ಕೇಳ್ಕೊಂಡೆ." ಕನ್ನಡಕ ಹಾಕಿಕೊಂಡರು. "ಸರಿ. ಸದ್ಯಕ್ಕೆ ಮನೇಲೇ ಇರಲಿ. ನಿನ್ನ ಮಾತಿನ ಮೇಲೆ."

ದಾರಿಯುದ್ದಕ್ಕೂ ಕೈಚೀಲ ಹಗುರವಾಗಿಯೇ ಇತ್ತು. ಭಾರವೆನ್ನಿಸಬೇಕಿತ್ತೆಂದು ಅವಳಿಗೆ ತೋರಿತು. ನಾಬ್ ಇಲ್ಲದೆ ಒಲೆ ಹತ್ತುವುದಿಲ್ಲ, ಹತ್ತದ ಒಲೆ ಯಾರನ್ನೂ ಸುಡುವುದಿಲ್ಲ ಎಂದು ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿತ್ತು. ಸರಿಯಾದದ್ದಕ್ಕೇ ಭಯವಾಯಿತು.

ಸಂಜೆ ಫೋನು ಬಂತು.

"ಹುಡುಗೀ, ನಾನು." ಅಕ್ಕ ಪಿಸುಗುಡುತ್ತಿದ್ದಳು. "ಒಲೇದು ಆ... ತಿರುಗಿಸೋದು. ಕಾಣ್ತಾ ಇಲ್ಲ ಕಣೇ. ಸಕ್ಕರೆ ಡಬ್ಬೀಲಿ ನೋಡ್ದೆ, ಹಾಸಿಗೆ ಕೆಳಗೆ ನೋಡ್ದೆ. ಎಲ್ಲಿಟ್ಟೆನೋ."

ಅವಳು ಕೈಚೀಲವನ್ನು ಕುರ್ಚಿಯ ಹಿಂದಕ್ಕೆ ಸರಿಸಿದಳು.

"ಕೇಳಿಸ್ತಾ ಇದ್ಯಾ?"

"ಕೇಳಿಸ್ತಿದೆ, ಅಕ್ಕ. ದೊರೇನ ಕೇಳಿದ್ರಾ?"

"ಕೇಳ್ದೆ. ಬಾಯಿ ಮೇಲೆ ಬೆರಳಿಟ್ಕೊಂಡು ನಗ್ತಾನೆ. ಇವನೇ ಬಚ್ಚಿಟ್ಟಿದಾನೆ ಅಂತ ಚೆನ್ನಾಗಿ ಬೈದುಬಿಟ್ಟೆ. ಅತ್ತ, ಪಾಪ. ಅತ್ತರೂ ಬೆರಳು ತೆಗೀಲಿಲ್ಲ." ಉಸಿರೆಳೆದುಕೊಂಡಳು. "ಇವನಲ್ಲ ಬಿಡು. ನಾನೇ. ಬೆಳಿಗ್ಗೆ ಒಲೆ ಆರಿಸಿದ್ದು ನೆನಪಿದೆ. ತಿರುಗಿಸಿದ್ದು ಕೈಗೇ ಗೊತ್ತಿದೆ. ಆಮೇಲಿಂದು ಖಾಲಿ."

"ಅಕ್ಕ..."

"ಯಾರಿಗೂ ಹೇಳ್ಬೇಡ ಕಣೇ. ನಿಮ್ಮ ದೊಡ್ಡ ಮೇಡಂಗಂತೂ ಬೇಡವೇ ಬೇಡ. ಇವನನ್ನ ಕರ್ಕೊಂಡು ಹೋಗ್ಬಿಡ್ತಾರೆ."

"ಹೇಳಲ್ಲ."

"ಆಣೆ?"

"ಆಣೆ. ನಾಳೆ ಹೊಸದು ತಂದು ಹಾಕ್ತೀನಿ. ರಾತ್ರಿಗೆ ಏನು ಮಾಡ್ತೀರಿ?"

"ಬ್ರೆಡ್ಡಿದೆ, ಹಾಲಿದೆ. ದೊರೆಗಳಿಗೆ ತಣ್ಣಗಿದ್ರೆ ಸಿಟ್ಟು, ಆದ್ರೂ ಊದು ಅಂತೀನಿ, ಊದ್ತಾನೆ." ನಕ್ಕಳು. "ನೀನಿದೀಯಲ್ಲ, ಅದೇ ಧೈರ್ಯ ನಂಗೆ."

ಫೋನು ಸುಮ್ಮನಾಯಿತು. ಗಂಡ ಮಲಗುವ ಕೋಣೆಯಲ್ಲಿ ಏನನ್ನೋ ಓದುತ್ತಿದ್ದ. ಅವಳು ಅಡುಗೆಮನೆಗೆ ಹೋಗಿ ಕೈಚೀಲ ತೆರೆದಳು.

ತಿರುಗಿಸಿದ್ದು ಕೈಗೇ ಗೊತ್ತಿದೆ. ನಾಬ್ ತನ್ನ ಬೆರಳಿಂದಲೂ ಒಮ್ಮೆ ಜಾರಿತ್ತು.

ತನ್ನ ಒಲೆಯ ನಾಬ್ ಕಳಚಿ, ಆ ಜಾಗಕ್ಕೆ ಅಕ್ಕನದನ್ನು ಸಿಕ್ಕಿಸಿದಳು. ತಿರುಗಿಸಿದಳು. ತಿರುಗಿತು. ಒಳಗಿನ ಕಡ್ಡಿ ಕದಲಲಿಲ್ಲ. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಮೇಲಿನ ಬಿಳಿಯ ಗೀಟು ಸುತ್ತು ಹಾಕಿ ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತಿತು. ನಾಬೇ ಸವೆದಿತ್ತೋ, ಎರಡು ಒಲೆಗಳ ಅಳತೆಯೇ ಬೇರೆಯೋ. ಸವೆದಿದ್ದರೆ, ಅಕ್ಕ ತಿರುಗಿಸಿಯೇ ಹೋಗಿದ್ದಳು. ಕೈ ಕೆಲಸ ಮಾಡಿತ್ತು, ಉರಿ ಮಾತ್ರ ಕೇಳಿಸಿಕೊಂಡಿರಲಿಲ್ಲ. ಮರೆವಿನ ಮಾತೇ ಇರಲಿಲ್ಲ. ಅದನ್ನು ಅಕ್ಕನಿಗೆ ಹೇಳಬೇಕಾದರೆ ನಾಬ್ ಎಲ್ಲಿತ್ತೆಂದೂ ಹೇಳಬೇಕು. ಹೇಳಿದರೆ ದೊಡ್ಡ ಮೇಡಂಗೂ ಹೇಳಬೇಕು. ಆಗ ಆ ಮನೆಗೆ ಬೇರೆ ಯಾರೋ ಹೋಗುತ್ತಾರೆ, ಕೈಗಳನ್ನು ಚೆನ್ನಾಗಿ ಹಿಂದಕ್ಕೆ ಕಟ್ಟಿಕೊಂಡು.

ಅಲ್ಲೊಬ್ಬ ದೊರೆ ಬಾಯಿಯ ಮೇಲೆ ಬೆರಳಿಟ್ಟುಕೊಂಡೇ ಮಲಗಿರಬಹುದು.

"ಏನು ಮಾಡ್ತಿದೀಯ ಅಲ್ಲಿ?" ಎಂದ ಗಂಡ ಒಳಗಿನಿಂದ.

"ಏನಿಲ್ಲ."

"ಆಫ್ ಆಗಿದೆ ಬಾ. ನಾನು ನೋಡ್ದೆ."

ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಇವನಿಗೂ. ದೀಪ ಆರಿಸಿದ ಮೇಲೂ ಕೈ ನಾಬಿನ ಮೇಲೆಯೇ ಇತ್ತು. ಕತ್ತಲಲ್ಲಿ ಅದು ಎತ್ತ ತಿರುಗಿಸಿದರೆ ಅತ್ತ, ಸದ್ದಿಲ್ಲದೆ, ತಡೆಯಿಲ್ಲದೆ ತಿರುಗುತ್ತಿತ್ತು.