ಗುಡಾಣಕ್ಕೆ ಇಳಿದ ಉಷಾಲತಾ

ಉಷಾಲತಾ ನಿಂತಲ್ಲಿ ನಿಲ್ಲುವವರಲ್ಲ. ಬಹರೈನಿನ ಅರಾದ್ ಊರಿನ ಆ ಫ್ಲ್ಯಾಟಿನಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಸುಳಿದಾಡುವ ಅವರನ್ನು ಕಂಡಾಗಲೆಲ್ಲ, ಕೆಲಸವಿಲ್ಲದ ಕೈಗಳೇ ಮನುಷ್ಯನನ್ನು ಹೆಚ್ಚು ದಣಿಸುತ್ತವೆಯೇನೋ ಎಂದು ನೆರೆಯವನಾದ ನನಗೆ ಅನ್ನಿಸಿದೆ. ಚಹಾದ ಕೊನೆಯ ಗುಟುಕು ಗಂಟಲಿಗಿಳಿಯುವ ಮೊದಲೇ ಲೋಟ ಕಸಿದುಕೊಂಡು ತೊಳೆದಿಡುವರು.

ಮಗ ಯಶ್ವಂತ್ ಮದುವೆಯಾದದ್ದು ಜಾರ್ಜಿಯಾ ದೇಶದ ತಮಾರಳನ್ನು. ಅವಳ ತವರು ಬೆಟ್ಟದ ಇಳಿಜಾರಿನ ಪುಟ್ಟ ಹಳ್ಳಿ. ಕತ್ತಿನವರೆಗೆ ನೆಲದಲ್ಲಿ ಹೂತ ಮಣ್ಣಿನ ಗುಡಾಣಗಳಲ್ಲಿ ದ್ರಾಕ್ಷಿರಸವನ್ನು ಹುದುಗಿಸಿ ವೈನ್ ಮಾಡುವುದು ಅಲ್ಲಿ ತಲೆತಲಾಂತರದ ಕಸುಬು. ಬೀಗರು ಏನು ಮಾಡುತ್ತಾರೆಂದು ಯಾರಾದರೂ ಕೇಳಿದರೆ ಉಷಾಲತಾ "ದ್ರಾಕ್ಷಿ ತೋಟ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಮಡಿಯ ಮನೆಯಲ್ಲಿ ಬೆಳೆದ ನಾಲಗೆಗೆ ಮುಂದಿನ ಶಬ್ದ ಬರುತ್ತಿರಲಿಲ್ಲ.

ಕಳೆದ ಕೊಯ್ಲಿನ ಹೊತ್ತಿಗೆ ತಮಾರಳ ತಂದೆ ಬಿದ್ದು ಸೊಂಟ ಮುರಿದುಕೊಂಡರು. ವಿಮಾನದ ಸದ್ದು ಕೇಳಿದಾಗಲೆಲ್ಲ ಬಸುರಿ ಸೊಸೆ ಕಿಟಕಿಗೆ ಹೋಗಿ ನಿಲ್ಲುವಳು. ಯಶ್ವಂತನಿಗೆ ರಜೆಯಿಲ್ಲ.

"ನಮ್ಮಿಬ್ಬರಿಗೂ ಟಿಕೆಟ್ ಮಾಡು ಮಾರಾಯ. ಇವಳೊಬ್ಬಳನ್ನೇ ಕಳಿಸ್ಲಿಕ್ಕೆ ಆಗ್ತದಾ?"

"ಅಮ್ಮಾ, ಅಲ್ಲಿ ಎಲ್ಲ ವೈನೇ."

"ನಾನೇನು ಕುಡೀಲಿಕ್ಕೆ ಹೋಗುದಾ?"

ಅತ್ತೆ ಸೊಸೆ ಹಳ್ಳಿ ತಲುಪಿದಾಗ ಕೊಯ್ಲು ಮುಗಿದಿತ್ತು. ಹೊಸ ರಸ ತುಂಬುವ ಮುನ್ನ ಗುಡಾಣದೊಳಗೆ ಇಳಿದು ತಿಕ್ಕಬೇಕು. ಬಾಯಿ ಕಿರಿದು, ಪ್ರತಿ ವರ್ಷವೂ ಇಳಿಯುತ್ತಿದ್ದವರು ಕಡ್ಡಿಯಂಥ ಮೈಯ ತಮಾರಳ ತಂದೆಯೇ. ನೆರವಿಗೆ ಬಂದ ನೆರೆಯವರ ಹೆಗಲು ಒಳಗೆ ಹಿಡಿಸಲಿಲ್ಲ. ಬುಟ್ಟಿಗಳಲ್ಲಿ ಹಣ್ಣು ಬಿರಿಯತೊಡಗಿತ್ತು. ತಮಾರಾ ತಾನೇ ಇಳಿಯಹೊರಟಾಗ ತೆಳ್ಳನೆಯ ಉಷಾಲತಾ ಅವಳ ತೋಳು ಹಿಡಿದು ಹಿಂದಕ್ಕೆಳೆದರು. ಒಳಗೆ ಹೋಗಿ ಸೀರೆ ಬಿಚ್ಚಿಟ್ಟು, ಸೊಸೆಯ ಹಳೆಯ ಪ್ಯಾಂಟು ತೊಟ್ಟು ಬಂದು ಏಣಿಗೆ ಕಾಲಿಟ್ಟರು.

ಕತ್ತಲು, ಹಳೆಯ ಹುಳಿಯ ವಾಸನೆ. ಆದರೆ ಮದುವೆಮನೆಗಳ ಕೊಪ್ಪರಿಗೆ ತಿಕ್ಕಿದ ಕೈ ತಾನಾಗಿ ಸುತ್ತತೊಡಗಿತು. ಮೇಲಿನಿಂದ, ಹೊರಗೆ ಮಂಚ ಹಾಕಿಸಿಕೊಂಡು ಮಲಗಿದ್ದ ತಮಾರಳ ತಂದೆಯ ದನಿ ಕೇಳಿಸಿತು.

"ಏನಂತೆ?"

"ಸಾಕಂತೆ ಅತ್ತೆ. ಮಣ್ಣು ಸವೆಯುತ್ತಂತೆ."

"ನೀರು ತಿಳಿ ಆಗ್ಲಿ ಅಂತ ಹೇಳು."

ಬಹರೈನಿಗೆ ಮರಳಿದ ಮೇಲೆ ಕನ್ನಡ ಸಂಘದಲ್ಲಿ ಒಬ್ಬರು ಬೀಗರು ಏನು ಮಾಡುತ್ತಾರೆಂದು ಕೇಳಿದರು. "ವೈನ್ ಮಾಡ್ತಾರೆ. ಈ ಸಲ ಗುಡಾಣ ತೊಳೆದದ್ದು ನಾನೇ," ಎಂದರು ಉಷಾಲತಾ. ಅಂದಿನಿಂದ ಒಂದೆರಡು ಮನೆಗಳ ಪೂಜೆಗೆ ಅವರಿಗೆ ಕರೆಯಿಲ್ಲ. ಅದು ಅವರನ್ನು ಚುಚ್ಚದೆ ಇಲ್ಲ. ಆ ಮನೆಗಳ ಹೆಸರೆತ್ತಿದರೆ ಮುಖ ಸಣ್ಣದಾಗುತ್ತದೆ.

ಇಂಥವರ ಬದುಕಿನಲ್ಲಿ ವಿಚಾರವು ಕೈಯ ಹಿಂದೆ ಬರುತ್ತದೆ. ಎದುರಿಗೆ ಬಿದ್ದ ಕೆಲಸವನ್ನು ಬಿಡಲಾರದೆ ಅವರು ಗಡಿ ದಾಟಿಬಿಡುತ್ತಾರೆ. ಎಷ್ಟು ದೂರ ಬಂದೆವೆಂದು ತಿಳಿಯುವುದು, ಹಿಂದೆ ನಿಂತವರು ಕರೆಯುವುದನ್ನು ನಿಲ್ಲಿಸಿದಾಗ.